ಅಡಿಸಾಲು

ಚುನಾವಣೆಯ ಕರಪತ್ರದ ತಳದಲ್ಲಿ ಒಂದು ಸಣ್ಣ ಸಾಲಿರುತ್ತದೆ,
ಇರುವೆ ಹರಿದಂತೆ:
ಮುದ್ರಕರು, ಪ್ರಕಾಶಕರು, ಪ್ರತಿಗಳು ಇಷ್ಟು.
ಯಾರೂ ಓದುವುದಿಲ್ಲ.
ಗುತ್ತಲು ರಸ್ತೆಯ ಈ ಒಂದೂವರೆ ಅಂಕಣದ ಪ್ರೆಸ್ಸಿನಲ್ಲಿ
ಇಪ್ಪತ್ತೆರಡು ವರ್ಷದಿಂದ ಕೂತಿದ್ದೇನೆ.
ಮದುವೆ, ಉತ್ತರಕ್ರಿಯೆ, ಟ್ಯೂಷನ್, ಬೋರ್‌ವೆಲ್ ರಿಪೇರಿ,
ಅದಕ್ಕೆಲ್ಲ ಅಡಿಸಾಲು ಬೇಕಿಲ್ಲ.
ಓಟಿನ ಮಾತಿಗೆ ಮಾತ್ರ ಕಾನೂನು ಕೇಳುತ್ತದೆ,
ನೀನು ಯಾರ ಮಗಳು ಅಂತ.

ಅವನು ಬಂದದ್ದು ರಾತ್ರಿ ಒಂಬತ್ತೂವರೆಗೆ.
ಮೈಸೂರಿನ ಹುಡುಗ, ಬೆನ್ನಿಗೆ ಲ್ಯಾಪ್‌ಟಾಪು,
ಕಾರ್ಡಿನಲ್ಲಿ ಜನಸಂಪರ್ಕ ಸಲಹೆಗಾರ ಎಂದಿತ್ತು.
ಒಳ್ಳೆಯ ಹುಡುಗ. ಚಪ್ಪಲಿ ಹೊರಗೆ ಬಿಟ್ಟ.
ನನಗೂ ಟೀ ತರಿಸಿದ.
ಆಮೇಲೆ ಪೆನ್‌ಡ್ರೈವ್ ಕೊಟ್ಟ.

"ಹಾಲಿನ ಸಂಘದ ಬೋನಸ್ ನುಂಗಿದ್ದು ಕೆಂಪಾಜಮ್ಮನಾ?"

ಇದು ನಿಜವಾ, ಅಂದೆ.
"ನಾವು ಹೇಳ್ತಿಲ್ಲ ಮೇಡಂ, ಕೇಳ್ತಿದ್ದೀವಿ.
ಪ್ರಶ್ನೆ ಯಾವತ್ತಾದ್ರೂ ಸುಳ್ಳಾಗುತ್ತಾ?"
ಕೊಕ್ಕೆಯಂಥ ಆ ಚಿಹ್ನೆಯನ್ನು
ಒಂಚೂರು ದಪ್ಪ ಮಾಡಿ, ಕೆಂಪು ಮಾಡಿ ಎಂದ.
ಅಡಿಸಾಲು?
"ಅದೊಂದು ಬೇಡ."
ಜವರಪ್ಪನೋರು ಗಲ್ಲಾಪೆಟ್ಟಿಗೆಯೊಳಗೆ ಏನನ್ನೋ ಹುಡುಕುತ್ತಿದ್ದರು,
ಬಹಳ ಹೊತ್ತು ಹುಡುಕುತ್ತಿದ್ದರು.

ಈಗ ನನ್ನ ಪಾಲಿನದು ಹೇಳಬೇಕು.
ಅವನು "ಬ್ರಷ್ಟ" ಎಂದು ಬರೆದಿದ್ದ.
ನನಗೆ ತಡೆಯಲಾಗಲಿಲ್ಲ.
ಬಕಾರದ ಬುಡ ಸೀಳಿ ಮಹಾಪ್ರಾಣ ಕೊಟ್ಟೆ.
ಮಂಡ್ಯದ ನಾಲಗೆಯಲ್ಲಿ ಹೇಗೂ ಅದು ಉಳಿಯುವುದಿಲ್ಲ,
ಆದರೂ ಕೊಟ್ಟೆ.
"ಅಬ್ಯರ್ತಿ"ಗೆ ಎರಡು ಕೊಟ್ಟೆ.
ದುರುಪಯೋಗದ ರು ಎಲ್ಲೋ ಬಿದ್ದಿತ್ತು, ಎತ್ತಿ ಇಟ್ಟೆ.
ಎಡಬಲದ ಅಂಚು ಸಮ ಮಾಡಿದೆ.
ತೊದಲುತ್ತ ಬಂದ ಸುಳ್ಳು
ನನ್ನ ಕೈಲಿ ಇಸ್ತ್ರಿ ಮಾಡಿಸಿಕೊಂಡು ಹೊರಟಿತು,
ಐದು ಸಾವಿರ ಪ್ರತಿ,
ಬೆಳಗ್ಗೆ ಡೈರಿಗೆ ಹಾಲು ಹಾಕುವ ಹೊತ್ತಿಗೆ ಎಲ್ಲರ ಕೈಗೂ.

ಆ ರಾತ್ರಿ ನನಗೆ ನಿದ್ದೆ ಬಂತು. ಅದನ್ನೂ ಹೇಳಬೇಕು.

ಮೂರನೇ ದಿನ ಅವಳೇ ಬಂದಳು.
ಹೊಳಲಿನ ಬಸ್ಸಿಳಿದು, ಅವರಿವರನ್ನು ಕೇಳಿಕೊಂಡು,
ಕಂಕುಳಲ್ಲಿ ಸಂಘದ ಲೆಕ್ಕದ ಪುಸ್ತಕ,
ಕೈಯಲ್ಲಿ ನಾಲ್ಕು ಮಡಿಕೆಯಾದ ನನ್ನ ಕೆಲಸ.
"ಇದ್ನ ಎಲ್ಲಿ ಒತ್ಸುದ್ರೋ ಕಾಣೆ ಕನವ್ವ,
ತಳದಲ್ಲಿ ಯೆಸ್ರೇ ಇಲ್ಲ."
ಯಾರೂ ಓದುವುದಿಲ್ಲ ಎಂದೆನಲ್ಲ,
ಅವಳು ಮೊದಲು ಓದಿದ್ದೇ ಆ ಇಲ್ಲದ ಸಾಲನ್ನು.
ಅಂಗೈಯಿಂದ ಕಾಗದ ನೀವಿದಳು.
"ಆದ್ರೂ ಅಕ್ಸರ ನೋಡು, ಮುತ್ತು ಪೋಣ್ಸಿದಂಗವೆ,
ಒಂದ್ ತಪ್ಪಿಲ್ಲ. ಓದ್ದೋರೆಲ್ಲ ದಿಟ ಅನ್ಕಂಡವ್ರೆ.
ನಂದೂವೆ ಇಂಗೇ ಮಾಡ್ಕೊಡು."

ಕೂತು ಹೊಡೆದೆ. ನೂರ ಎಪ್ಪತ್ತಮೂರು ಹೆಂಗಸರು,
ಹೆಸರಿನ ಮುಂದೆ ಮೊತ್ತ, ರುಜು ಇಲ್ಲವೆ ಹೆಬ್ಬೆಟ್ಟು.
ಕೂಡಿ ನೋಡಿದರೆ ಎರಡು ರೂಪಾಯಿ ಹೆಚ್ಚೇ ಹೋಗಿತ್ತು.
"ಅದು ನಂದು. ಅವತ್ತು ಚಿಲ್ರೆ ಇರ್ನಿಲ್ಲ" ಅಂದಳು.
ಕೆಂಪು ಬಣ್ಣ ಹಾಕಲು ಎಲ್ಲೂ ಜಾಗ ಸಿಗಲಿಲ್ಲ.
ಅವರ ಪ್ರಶ್ನೆ ಒಂದು ಸಾಲು,
ಇವಳ ಉತ್ತರಕ್ಕೆ ಹಾಳೆಯ ಎರಡು ಮಗ್ಗುಲೂ ಸಾಲದು.

ಕೊನೆಗೆ ಅಡಿಸಾಲು.
ಮುದ್ರಕರು: ಜವರಪ್ಪ. ಪ್ರತಿಗಳು: ಒಂದು ಸಾವಿರ,
ಅವಳಿಗೆ ಎಟುಕಿದ್ದು ಅಷ್ಟೇ.
ಬೆರಳು ನಿಲ್ಲಲಿಲ್ಲ.
ಅದರ ಕೆಳಗೆ ಇನ್ನೂ ಸಣ್ಣದಾಗಿ
ಅಕ್ಷರ ಜೋಡಣೆ: ಪಿ. ಇಂದ್ರಾಣಿ. ಹೋದ ಸಲದ್ದಕ್ಕೂ ಇವಳೇ.

ಪ್ರೂಫ್ ಹಾಳೆ ಕೊಟ್ಟೆ.
ಬಾಗಿಲ ಬೆಳಕಿಗೆ ಹೋಗಿ ನಿಂತು
ಒಂದೊಂದೇ ಹೆಸರಿನ ಮೇಲೆ ಬೆರಳಿಟ್ಟು ಓದಿದಳು.
ಹಾಲು ಕರೆದು ಕರೆದು ಸವೆದ ಉಗುರು
ಇಳಿಯುತ್ತ ಇಳಿಯುತ್ತ
ತಳಕ್ಕೆ ಬಂದು ನಿಂತಿತು.

ಜವರಪ್ಪನೋರು ಗಲ್ಲಾಪೆಟ್ಟಿಗೆ ತೆರೆದರು.
ಅವಳು ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿ
ನನ್ನನ್ನಲ್ಲ, ಹಾಳೆಯನ್ನೇ ನೋಡುತ್ತ ಕೇಳಿದಳು,
"ಎಷ್ಟಾಯ್ತದೆ?"