ಗುರುವಾರ, ಲಸಿಕೆಯ ಸಾಲಿನಲ್ಲಿ

ಗುತ್ತಲು ಆಸ್ಪತ್ರೆಯ ಬೆಂಚು.
ಎಡಕ್ಕೆ ಮೂರು ತಿಂಗಳ ಕೂಸು,
ಬಲಕ್ಕೆ, ಕಾಲಿಗೆ ಕರಿದಾರ ಕಟ್ಟಿದ ಇನ್ನೊಂದು.
ನನಗೆ ನಲವತ್ತೊಂದು.
ನನ್ನ ನೆತ್ತರಿಗೆ ಹದಿಮೂರು ತಿಂಗಳು.

ಸಿಸ್ಟರ್ ಚೀಟಿ ನೋಡಿ, ಮೀಸೆ ನೋಡಿ,
"ಮಗು ಎಲ್ಲಿ?" ಅಂದರು.
"ನಾನೇ" ಅಂದೆ.

ಅವ್ವ ತೊಡೆ ಅದುಮಿ ಹಿಡಿದು ಹಾಕಿಸಿದ್ದು,
ಆರನೇ ಕ್ಲಾಸಿನ ದಡಾರ, ಬೇವಿನ ಸೊಪ್ಪಿನ ಹಾಸಿಗೆ,
ಒಂದೂ ಈ ಮೈಗೆ ನೆನಪಿಲ್ಲ.
ಮಜ್ಜೆಯನ್ನು ಡಿಪೋ ಖಾಲಿ ಮಾಡಿದಂತೆ ಮಾಡಿದರು;
ಬಸ್ಸಿನ ಜೊತೆ ರೂಟೂ ಹೋಯಿತು.

ನಾಗಮಂಗಲದ ಬಸ್ಸಿನಲ್ಲಿ ಹದಿನಾರು ವರ್ಷ
ತಲೆ ಎಣಿಸಿದವನು ನಾನು.
ಮೈಸೂರಿನ ಗಾಜಿನ ಕೋಣೆಯಲ್ಲಿ
ದಿನಾ ಬೆಳಿಗ್ಗೆ ನನ್ನನ್ನು ಎಣಿಸಿದರು:
ಬಿಳಿಕಣ ಸೊನ್ನೆ. ಸೊನ್ನೆ. ನಲವತ್ತು. ಮತ್ತೆ ಮೂವತ್ತು.

ನಾಲ್ವರು ಅಕ್ಕಂದಿರಲ್ಲಿ ಮೂವರದು ಕೂಡಲಿಲ್ಲ.
ಕೂಡಿದ್ದು ಕಡೆಯವಳದು.
ಹೆಣ್ಣು ಸಾಕಪ್ಪಾ ಸಾಕು ಅಂತ
ಅಪ್ಪ ಸಾಕಮ್ಮ ಅಂತಲೇ ಕರೆದಿದ್ದ.
ಅವಳ ಬೆನ್ನಿಗೆ ಬಿದ್ದವನು ನಾನು.
ಬೀದಿಗೆಲ್ಲ ಸಕ್ಕರೆ ಹಂಚಿದರಂತೆ.

ಕೀಲಾರದಿಂದ ಬಂದು ಬೋರಲು ಮಲಗಿ
ಸೊಂಟದ ಮೂಳೆಗೆ ಸೂಜಿ ಇಳಿಸಿಕೊಂಡಳು.
ನಾಲ್ಕು ತಿಂಗಳಾದರೂ ಅವಳ ಕಣಗಳು
ನನ್ನೊಳಗೆ ಅರೆನಿದ್ದೆಯಲ್ಲಿ,
ಒಂದು ನೆಗಡಿಗೂ ಎದ್ದು ಕೂರವು.
ಡಾಕ್ಟರು ಕನ್ನಡಕ ಒರೆಸಿಕೊಂಡು ಹೇಳಿದರು:
"ಸಾಲದು. ಇನ್ನೊಂದು ಸಲ ತಗೋಬೇಕು."

ಹೇಗೆ ಕೇಳಲಿ ಎಂದು ಫೋನು ಹಿಡಿದು ಕೂತೆ.
"ಹಸ ಒಂದ್ ಸಲ ಕರುದ್ಬುಟ್ರೆ ಮುಗುದೋಯ್ತಾ?
ರಾಗಿ ಬೀಸ್ಕಂಡು ಮೊದಲ್ನೇ ಬಸ್ಸಿಗೆ ಬತ್ತೀನಿ
ಇರ್ಲಾ."

ಈ ಸಲ ಚೀಲ ಸಣ್ಣದು, ಅರ್ಧ ಲೋಟವೂ ಇಲ್ಲ.
ಹನಿ ಇಳಿಯುವಷ್ಟು ಹೊತ್ತೂ ಗಾಜಿನಾಚೆ ನಿಂತಿದ್ದಳು,
ಬಾಯಿಗೆ ಮಾಸ್ಕು,
ಕೈಯಲ್ಲಿ ಒಳಗೆ ಬಿಡದ ಕೋಡುಬಳೆ ಪೊಟ್ಟಣ.

ಈಗ ನನ್ನ ಗುಂಪು ಬೇರೆ. ಬಿ ಇದ್ದದ್ದು ಓ.
ಈ ರಕ್ತ ಪರೀಕ್ಷಿಸಿದರೆ
ಹೆಣ್ಣು ಎಂದೇ ಬರುತ್ತದಂತೆ.
ಅಪ್ಪ ಇರಬೇಕಿತ್ತು.

ತೋಳು ಮಡಿಸಿದೆ.
ನನಗೆ ಚುಚ್ಚಿದರೆ ಪಕ್ಕದ ಕೂಸು ಅತ್ತಿತು.
"ಸಂಜೆ ತುಸು ಜ್ವರ ಬಂದ್ರೆ ಹೆದರ್ಬೇಡಿ."

ಹೆದರುವುದೇ?
ಬರಲಿ ಎಂದು ಬಾಗಿಲಿಗೇ ಕೂತಿದ್ದೆ.
ಎಂಟು ಗಂಟೆಗೆ ತೋಳು ಕೆಂಪಗೆ ಊದಿ
ಮೈ ತೊಂಬತ್ತೊಂಬತ್ತು ಚಿಲ್ಲರೆ.

ಕೀಲಾರಕ್ಕೆ ಫೋನು ಹಚ್ಚಿದೆ:
"ಎದ್ದವ್ರೆ ಕಣಕ್ಕ."