ಅಳತೆ ಪುಸ್ತಕ, ಪುಟ ನಲವತ್ತೊಂದು

ಗುಳೇದಗುಡ್ಡದಿಂದ ಒಂದು ಹರದಾರಿ ಆಚೆ, ಗುಡ್ಡದ ಬೆನ್ನಿಗೆ,
ಐದು ಶೆಡ್ಡು. ಲೆಕ್ಕಕ್ಕೆ ಐದು, ನಿಂತದ್ದು ಮೂರೂವರೆ.
ಕೆಂಪು ಕಲ್ಲು, ಗಚ್ಚು, ಒಡೆದ ಹಂಚು,
ಕದವಿಲ್ಲದ ಬಾಗಿಲುಗಳಲ್ಲಿ ಆಡಿನ ಹಿಕ್ಕೆ.
ನಾಲ್ಕನೆಯದರ ಅರ್ಧ ಗೋಡೆ ಯಾರದೋ ಮನೆಯ ಕಟ್ಟೆಯಾಗಿದೆ.
ಯಾರದೆಂದು ಎಲ್ಲರಿಗೂ ಗೊತ್ತು. ನಾನು ಬರೆದುಕೊಳ್ಳಲಿಲ್ಲ.

ಕಡತದಲ್ಲಿ ಇದರ ಹೆಸರು ಪಾರಂಪರಿಕ ಕಟ್ಟಡ, ದುರಸ್ತಿ.
ಊರ ಬಾಯಲ್ಲಿ ಖಡಿ ಕ್ಯಾಂಪು.

ಪೇಟೆ ಬಿದ್ದ ವರ್ಷ, ಮೂವತ್ತೊಂದೋ ಮೂವತ್ತೆರಡೋ,
ಸಮುದ್ರದಾಚೆ ಯಾವುದೋ ಬ್ಯಾಂಕು ಕದ ಹಾಕಿತಂತೆ,
ಇಲ್ಲಿ ಕುಣಿಮಗ್ಗದ ಕುಣಿಯಲ್ಲಿ
ಕಾಲು ಇಳಿಬಿಡುವವರಿಲ್ಲವಾದರು.
ಎಳೆ ತುಂಡಾದರೆ ಕತ್ತಲಲ್ಲೂ ಗಂಟು ಹಾಕುವ ಬೆರಳುಗಳಿಗೆ
ಸರಕಾರ ಸುತ್ತಿಗೆ ಕೊಟ್ಟಿತು.
ಇಷ್ಟು ಬುಟ್ಟಿ ಖಡಿಗೆ ಇಷ್ಟು ಆಣೆ,
ಮುಕಾದಮನ ಹಾಜರಿ, ತಗಡು ಬಡಿದಾಗ ಗಂಜಿ.
ಅವರು ಒಡೆದ ಕಲ್ಲಿನ ಮೇಲೇ
ಈ ಹೊತ್ತು ನನ್ನ ಜೀಪು ಬಂತು.

ಒಳಗೋಡೆಗೆ ಸಿಮೆಂಟ್ ಗಿಲಾವು, ಹನ್ನೆರಡು ಮಿಲಿಮೀಟರು,
ಎನ್ನುತ್ತದೆ ಅಂದಾಜು ಪಟ್ಟಿ.
ದಸ್ತಗೀರಸಾಬ ಗೌಂಡಿ ಅಂಗೈಯಿಂದ ಕಲ್ಲನ್ನು ಸವರಿದ,
ಎಮ್ಮೆಯ ಮೈ ಸವರಿದ ಹಾಗೆ.
"ಮ್ಯಾಡಮ್ಮಾರ, ಈ ಕಲ್ಲು ಉಸರಾಡತೈತ್ರಿ.
ಸಿಮೆಂಟ ಮೆತ್ತಿದ್ರ ಒಳಗಿಂದೊಳಗ ಬೆವತು
ಹತ್ತ ಮಳಿಗಾಲಕ್ಕ ಹಿಟ್ಟಾಕ್ಕೈತಿ.
ಸುಣ್ಣಾ ಕೊಡ್ರಿ, ಬೆಲ್ಲಾ ಕೊಡ್ರಿ, ಅಳಲೇಕಾಯಿ ಕೊಡ್ರಿ,
ಗಾಣಾ ಹೂಡತೇನಿ."
ದರಪಟ್ಟಿಯಲ್ಲಿ ಬೆಲ್ಲ ಇಲ್ಲ.
ಲೋಕಾಪುರದ ಕಲ್ಲು ಸಿಮೆಂಟಾಗಿ ಬರಲು ಒಂದು ಫೋನು ಸಾಕು,
ಅದೇ ಕಲ್ಲು ಸುಣ್ಣವಾಗಿ ಬರಲು
ಮೂರು ಕಚೇರಿ, ಎರಡು ಸಹಿ, ಒಂದು ಬೇಸಗೆ.

ಮೂರನೆಯ ಶೆಡ್ಡು, ಪಡುಗೋಡೆ.
ನೆಲದಲ್ಲಿ ಮಲಗಿದವನ ಕೈಗೆಟುಕುವ ಎತ್ತರಕ್ಕೆ ಗೀರುಗಳು.
ನಿಂತ ಗೀರು, ಅಡ್ಡ ಗೀರು, ನಡುವೆ ಖಾಲಿ ಬಿಟ್ಟ ಮನೆಗಳು.
ಬುಟ್ಟಿ ಎಣಿಸಿದ್ದು, ಅಂದೆ. ಅಂದದ್ದಷ್ಟೇ ಅಲ್ಲ,
ಬರೆದೇಬಿಟ್ಟೆ: ಕೂಲಿಯ ಲೆಕ್ಕ.

ಮಾಗುಂಡಪ್ಪನನ್ನು ಸ್ಕೂಟರಿನ ನಡುವೆ ಕೂರಿಸಿ ತಂದರು.
ತೊಂಬತ್ತರ ಅಂಚು, ಎರಡೂ ಕಣ್ಣಿಗೆ ಪೊರೆ.
ಗೋಡೆಗೆ ಬೆರಳಿಟ್ಟ. ಬೆರಳು ನಡೆಯಿತು, ತುಟಿ ಅದರ ಹಿಂದೆ.
"ಎರಡ ಎತ್ತು, ಒಂದ ಬಿಡು. ಎರಡ ಎತ್ತು, ಮೂರ ಬಿಡು...
ಬುಟ್ಟಿ ಅಲ್ರೀ ಇದು, ಬುಟ್ಟಾ. ಖಣದ ಬುಟ್ಟಾ.
ಹೂವ ಆತು. ಬಳ್ಳಿ ಹೊಂಟತು.
ಕೈ ಮರೀಬಾರದಂತ ಗೀಚ್ಯಾನ."
ಬೆರಳು ನಿಂತಿತು.
"ಇಲ್ಲೆ ತಪ್ಪ್ಯಾನ. ಒಂದ ಎಳಿ ಹೆಚ್ಚ ಎತ್ಯಾನ.
ಹಸದಿದ್ದ ಕಾಣತೈತಿ."
ಕೆಳಗಿಳಿಯುವಾಗ ಅವನೇ ಅಂದ,
"ಬುಟ್ಟಿ ಲೆಕ್ಕಾನೂ ಇರಬಹುದ ಬಿಡ್ರಿ. ನನಗೇನ ಕಾಣತೈತಿ?"

ನೀರು ಹೊರುವ ಸಾವಂತ್ರೆವ್ವ ಕೇಳಿಸಿಕೊಂಡಳು.
"ಯಾಕ ಉಳಸ್ತೀರಿ ಇದನ್ನ?
ನಮ್ಮಾಯಿ ಸಾಯೂತನಕಾ ಈ ಹಾದಿ ತುಳೀಲಿಲ್ಲ.
ಬ್ಯಾನಿ ತಿನ್ನಕೋತ ಹಾಜರಿಗೆ ನಿಂತಿದ್ಲಂತ,
ಹೆಸರ ಕೂಗೂತನಕಾ.
ಬೀಳೂದು ಬೀಳ್ಲಿ."
ಕೊಡ ಇಳಿಸಿ, ಅದೇ ಗೋಡೆಗೆ ಬೆನ್ನು ಕೊಟ್ಟು ಕೂತಳು.
ನೆರಳು ಅಲ್ಲೊಂದೇ ಕಡೆ ಇತ್ತು.

ನಾನು ಟೇಪು ಸುತ್ತಿದೆ. ಬಿಚ್ಚಿದೆ. ಮತ್ತೆ ಸುತ್ತಿದೆ.

ಪಡುಗೋಡೆ: ಉದ್ದ ಹನ್ನೊಂದು ಮೀಟರು, ಎತ್ತರ ಮೂರು.
ಗಿಲಾವು: ಸೊನ್ನೆ.
ಷರಾ: ಹಂಚು ಹೊದಿಸತಕ್ಕದ್ದು, ನೀರು ತಡೆಯತಕ್ಕದ್ದು,
ಗೋಡೆಯನ್ನು ಮುಟ್ಟತಕ್ಕದ್ದಲ್ಲ.
'ಕೂಲಿಯ ಲೆಕ್ಕ' ಎಂಬ ಎರಡು ಶಬ್ದಕ್ಕೆ ಗೆರೆ ಎಳೆದೆ.
ಬದಲಿಗೆ ಏನು ಬರೆಯುವುದೋ ತಿಳಿಯದೆ
ಖಾಲಿ ಜಾಗದ ಮಗ್ಗುಲಿಗೆ ಸಹಿ ಹಾಕಿದೆ.
ಆಡಿಟ್ಟಿನವರು ಕೇಳುತ್ತಾರೆ. ಕೇಳಲಿ.

ಮರುದಿನ ದಸ್ತಗೀರಸಾಬ
ಮನೆಯಿಂದ ಒಂದು ಪೆಂಟಿ ಬೆಲ್ಲ ತಂದಿದ್ದ.
ಅರ್ಧವನ್ನು ಹುಡುಗರು ತಿಂದಿದ್ದರು.
ಉಳಿದದ್ದು ಗಾಣಕ್ಕೆ.