ಅರ್ಕಾವತ್ತು

ಗ್ಡೀನಿಯಾ ಎಂಬ ಬಂದರಿನ ಕೋರ್ಟು ಕೇಳಿದೆ:
ಈ ಅಕ್ಷರ ನಿಮ್ಮ ತಂದೆಯದೇ?
ಹೌದು ಅಥವಾ ಅಲ್ಲ.
ನಡುವೆ ಬರೆಯಲು ಜಾಗ ಬಿಟ್ಟಿಲ್ಲ.

ವಿದ್ಯಾನಗರದಲ್ಲಿ ಮಾಹಿನ್ ವಕೀಲರ ಮೇಜಿನ ಮೇಲೆ
ಪೋಲಿಷ್ ಹಾಳೆ, ಅದರಡಿ ಇಂಗ್ಲಿಷು,
ಅದರಡಿ ಅವರ ಗುಮಾಸ್ತ ಮಾಡಿಕೊಂಡ ಮಲಯಾಳ.
ಮೂರನ್ನೂ ಎತ್ತಿ ಬದಿಗಿಟ್ಟು
"ಕೆಳಗಿರುವುದನ್ನು ಟೀಚರೇ ಓದಬೇಕು" ಎಂದರು.
ಕೆಳಗೆ ಕನ್ನಡವಿತ್ತು.

ಒಂದೂವರೆ ಪುಟ. ನೀಲಿ ಶಾಯಿ.
ಸಾಲುಗಳೆಲ್ಲ ಬಲಕ್ಕೆ ವಾಲಿ
ಸರಕು ತಪ್ಪಾಗಿ ಏರಿಸಿದ ಹಡಗಿನ ಹಾಗೆ.

ಆ ದೇಶದಲ್ಲಿ ಹೀಗಂತೆ:
ಉಯಿಲು ಪೂರ್ತಿ ತನ್ನ ಕೈಯಲ್ಲೇ ಬರೆದು ರುಜು ಹಾಕಿರಬೇಕು,
ಟೈಪು ಮಾಡಿ ರುಜು ಮಾತ್ರ ಹಾಕಿದರೆ ಬಿದ್ದುಹೋಗುತ್ತದೆ.
ಸಾಕ್ಷಿ ಬೇಡ, ಛಾಪಾ ಕಾಗದ ಬೇಡ,
ಭಾಷೆ ಯಾವುದಾದರೂ ಸರಿ.
ಕೈ ಒಂದು ಸಾಕು.

"ಅಲ್ಲ ಅನ್ನಿ" ಎಂದರು ವಕೀಲರು, ಫ್ಯಾನಿನ ಕಡೆ ನೋಡುತ್ತ.
"ಇಪ್ಪತ್ತಾರು ವರ್ಷ ಮುಖ ಕಂಡಿಲ್ಲ, ಕೈ ಯಾರಿಗೆ ಗೊತ್ತು?
ಉಯಿಲು ಬಿದ್ದರೆ ಆ ಬೊಝೆನಾಗೆ ಅರ್ಧ, ನಿಮಗರ್ಧ."

ನಾನು ಕುಂಬಳೆಯಲ್ಲಿ ಮೂರನೆಯ ತರಗತಿಗೆ ಕನ್ನಡ ಕಲಿಸುವವಳು.
ಹೆಸರಿಲ್ಲದ ಪುಸ್ತಕ ಸಿಕ್ಕರೆ
ತಲಕಟ್ಟು ನೋಡಿಯೇ ಹೇಳುತ್ತೇನೆ ಇದು ಸುಹರಾಳದ್ದು,
ಇದು ಪ್ರಜ್ವಲನದ್ದು, ಬರೆದುಕೊಟ್ಟವಳು ಅವನ ಅಕ್ಕ.

ಅಪ್ಪನಿಗೆ ಅರ್ಕಾವತ್ತು ಬರುತ್ತಿರಲಿಲ್ಲ.
ಬರುತ್ತಿರಲಿಲ್ಲ ಅಂದರೆ, ಹಾಕುತ್ತಿದ್ದ,
ಒಂದಕ್ಷರ ತಡವಾಗಿ.
ಕೊಯ್ಪಾಡಿ ಕಡಪ್ಪುರದಲ್ಲಿ ಗಾಳ ಎಸೆದು ಪಳಗಿದ ಕೈ;
ಕೊಕ್ಕೆ ನೀರಿಗೆ ಬೀಳುವಷ್ಟರಲ್ಲಿ ಮೀನು ದಾಟಿರುತ್ತಿತ್ತು.
ವಾಮನ ಕರ್ಕೇರ ಎಂಬ ತನ್ನ ಹೆಸರಿಗೇ
ಕೊನೆಯಲ್ಲಿ ಕೊಕ್ಕೆ ನೇತುಹಾಕುತ್ತಿದ್ದ.
ನನ್ನ ಹೆಸರಿಗೂ.
ಅಲೆ ಎಂದು ಅರ್ಥ ಬರುವ ಹೆಸರು ಹುಡುಕಿ ಇಟ್ಟವನು
ಅದನ್ನು ಸರಿಯಾಗಿ ಬರೆಯಲು ಕಲಿಯದೆ ಹಡಗು ಹತ್ತಿದ.

ಮೊದಲು ಸ್ಟಾಂಪುಗಳು ಬೇರೆ ಬೇರೆ ಬರುತ್ತಿದ್ದವು.
ಅಮ್ಮ ತೀರಿದ ಮೇಲೆ ಒಂದೇ ಊರಿನದು.
ಆಮೇಲೆ ಅದೂ ಇಲ್ಲ.

ಎರಡನೆಯ ಪುಟ, ಆರನೆಯ ಸಾಲು:
"ಮನೆಯೂ ಬ್ಯಾಂಕಿನದೂ ಬೊಝೆನಾಳಿಗೆ. ನಾಲ್ಕು ವರ್ಷ
ನನ್ನನ್ನು ತೊಳೆದು ಮಲಗಿಸಿದ್ದು ಅವಳು.
ಮಗಳು ಊರ್ಮಿಳಾಗೆ ಏನೂ ಬರೆಯುವುದಿಲ್ಲ."

ಏನೂ ಬರೆಯುವುದಿಲ್ಲ.
ಆಸ್ತಿಯನ್ನೋ, ಕಾಗದವನ್ನೋ?
ಎರಡನ್ನೂ ಬರೆಯಲಿಲ್ಲ, ಸುಳ್ಳು ಹೇಳಿಲ್ಲ.
ಕೊಕ್ಕೆ ಈ ಸಲ ಇನ್ನೂ ತಡ,
ಳಾ ದಾಟಿ, ಗೆ ದಾಟಿ, ಖಾಲಿ ಜಾಗದಲ್ಲಿ ಒಂಟಿ.

ನಮ್ಮಲ್ಲಿ ಬರಿ ಅಮ್ಮನದು.
ನಾನು ತಿಂಗಳಾಯ, ಅವನು ಕರ್ಕೇರ.
ಮಗಳಾದರೆ ಹೆಸರೇಕೆ ಬೇರೆ ಎಂದು ಅದನ್ನೂ ಕೇಳಿದ್ದಾರೆ.
ಅಜ್ಜಿಯ ಕಾಲವಾಗಿದ್ದರೆ ಅಪ್ಪನ ದೋಣಿ ಅವನ ಅಕ್ಕನ ಮಕ್ಕಳಿಗೆ;
ಮಗಳಿಗೆ ಆ ದಿನದ ಮೀನು ಮಾತ್ರ.
ದಾವೆ ಹೂಡುವವರು ಮಾವನ ಮೇಲೆ ಹೂಡುತ್ತಿದ್ದರು,
ಅಪ್ಪನ ಮೇಲೆ ಯಾರಿಗೂ ಕೋಪ ಬರುವಷ್ಟು ಹಕ್ಕಿರಲಿಲ್ಲ.

"ಇನ್ನೊಂದಿದೆ" ಎಂದು ವಕೀಲರು ಹಾಳೆ ಮಗುಚಿದರು.
ಉಯಿಲು ಮರೆತರೂ ಮಕ್ಕಳಿಗೆ ಅಲ್ಲಿ
ಅಳಿಸಲಾಗದ ಪಾಲೊಂದು ಉಳಿಯುತ್ತದಂತೆ:
ಅರ್ಧದ ಅರ್ಧ, ಕಾಲು.
ಅದೂ ಬೇಡವೆಂದರೆ ಉಯಿಲಿನಲ್ಲೇ ಕಾರಣ ಬರೆಯಬೇಕು,
ಕೈಬಿಟ್ಟಳು, ವಿಚಾರಿಸಲಿಲ್ಲ, ಇಂಥದ್ದು.

ಅಪ್ಪ ಕಾರಣ ಬರೆದಿಲ್ಲ.
ಅರ್ಧ ಪುಟ ಖಾಲಿಯಿತ್ತು.

ಪೆನ್ನು ತೆಗೆದೆ. "ಕೆಂಪು ಬೇಡ ಟೀಚರೇ,
ಕೋರ್ಟಿನವರು ಒಪ್ಪುವುದಿಲ್ಲ."
ಅವರದನ್ನು ಇಸಕೊಂಡು ಹೌದು ಎಂಬಲ್ಲಿ ಗೀಟು ಹಾಕಿದೆ.
ಹೌದು ಅಂದರೆ ಲಾಭವೂ ಉಂಟು:
ಮಾದರಿಗೆಂದು ಹಳೆಯ ಕಾಗದ ಕಳಿಸುವ ಹಾಗಿಲ್ಲ,
ಹನ್ನೊಂದೂ ಕಪಾಟಿನಲ್ಲೇ ಇರುತ್ತವೆ.
ಕಾಲುಪಾಲು ಕೇಳುತ್ತೇನೋ ಬಿಡುತ್ತೇನೋ,
ಐದು ವರ್ಷ ಗಡುವಿದೆಯಂತೆ.

ಬಸ್ಸಿನಲ್ಲಿ ಮೊಗ್ರಾಲ್ ಸೇತುವೆ ದಾಟುವಾಗ ನೆನಪಾಯಿತು,
ನಾಳೆ ಉಕ್ತಲೇಖನ: ಸೂರ್ಯ, ತೀರ್ಪು, ವರ್ಷ.
ತಡವಾಗಿ ಬಿದ್ದ ಕೊಕ್ಕೆಗೆ
ಇಷ್ಟು ದಿನ ಅರ್ಧ ಮಾರ್ಕು ಕಳೆಯುತ್ತಿದ್ದೆ.